ಎಡಮಗ್ಗುಲಿಗೆ ಮಲಗಿಸಿದ ಮನುಷ್ಯ

ಎಪ್ಪತ್ತರ ದಶಕದ ಮೊದಲ ವರ್ಷಗಳು. ಹೊಳಲ್ಕೆರೆಯವಳಾದ ನಾನು ನರ್ಸಿಂಗ್ ಮುಗಿಸಿ, ಚಿತ್ರದುರ್ಗದ ಅಂಚಿನಲ್ಲಿದ್ದ ಒಂದು ಆಶ್ರಯಧಾಮಕ್ಕೆ ಸೇರಿದ್ದೆ. ನೋಡಿಕೊಳ್ಳುವವರಿಲ್ಲದ ಕಾಯಿಲೆಯವರು ಅಲ್ಲಿಗೆ ಬಂದರೆ ಹೆಚ್ಚಾಗಿ ಕೊನೆಯವರೆಗೂ ಅಲ್ಲೇ. ಹೊಸಬರು ಬಂದ ದಿನವೇ ಅವರ ಮೈ ನೋಡಿ, ಊಟ, ನಿದ್ದೆ, ಮಲಮೂತ್ರ ವಿಚಾರಿಸಿ, ಆರೈಕೆ ಹೇಗಿರಬೇಕೆಂದು ಹಾಳೆಯಲ್ಲಿ ಬರೆಯುವುದು ನನ್ನ ಕೆಲಸವಾಗಿತ್ತು.

ಹರಿಯಬ್ಬೆ ಕಡೆಯ ಕುರಿಗಾಹಿಯೊಬ್ಬರನ್ನು ಅವರ ತಮ್ಮ ಕರೆತಂದ. ಅರವತ್ತು ದಾಟಿದ್ದವರು. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು, ಮಾತೂ ನಿಂತಿತ್ತು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ತಮ್ಮನ ಸಂಸಾರ ವರ್ಷದ ಬಹುಪಾಲು ಕುರಿಯ ಹಿಂದೆ ಬಯಲಲ್ಲೇ ಇರುತ್ತಿತ್ತು.

"ಕುಂತ್ಕಳ್ರಿ" ಎಂದು ತಮ್ಮನನ್ನು ಕೂರಿಸಿ ಕೇಳುತ್ತಾ ಹೋದೆ.

"ಊಟ?"

"ಏನ್ ಕೊಟ್ರೂ ತಿಂತಾನೆ, ಸಿಸ್ಟರಮ್ಮ."

"ನಿದ್ದೆ?"

"ಅದೇನೂ ತೊಂದ್ರೆ ಇಲ್ರಿ."

ಹಾಳೆ ಬೇಗ ತುಂಬಿತು. ಮಂಚದಲ್ಲಿದ್ದವರನ್ನು ಒಂದು ಮಾತೂ ಕೇಳಲಿಲ್ಲ. ಮಾತು ಬಾರದವರನ್ನು ಕೇಳುವುದೇನು ಎನಿಸಿತ್ತು. ಬಿದ್ದ ಮೈಮೇಲೆ ಭಾರ ಬೀಳಬಾರದು, ಬೆನ್ನು ಹುಣ್ಣಾಗಬಾರದು. ಆದಷ್ಟು ಹೊತ್ತು ಎಡಮಗ್ಗುಲಿಗೇ ಮಲಗಿಸಬೇಕು ಎಂದು ಬರೆದೆ.

ಕೆಲವೇ ದಿನಗಳಲ್ಲಿ ಅವರು ಊಟ ಬಿಡತೊಡಗಿದರು. ತುತ್ತು ಬಾಯಿಗಿಟ್ಟರೆ ಹಲ್ಲು ಕಚ್ಚುತ್ತಿದ್ದರು. ಎಡಮಗ್ಗುಲಿಗೆ ಹೊರಳಿಸಲು ಹೋದವರನ್ನು ಎಡಗೈಯಿಂದ ತಳ್ಳುತ್ತಿದ್ದರು. ನಾವು ಮೇಲಿದ್ದ ಬಲಗಿವಿಯತ್ತ ಬಾಗಿ "ಅಜ್ಜಾ, ಬಾಯಿ ತೆಗಿ" ಎಂದು ಕೂಗಿದರೆ ನೋಡುತ್ತಲೇ ಇರಲಿಲ್ಲ. "ಹೇಳಿದ್ದು ತಿಳಿಯುವುದಿಲ್ಲ" ಎಂದು ಹಾಳೆಯಲ್ಲಿ ಸೇರಿಸಿದೆ.

ತಿಂಗಳ ಮೇಲೆ ತಮ್ಮ ಬಂದ. ನೇರವಾಗಿ ಮಂಚದ ಎಡಗಡೆಗೆ ಹೋಗಿ, ದಿಂಬಿನಿಂದ ಅಣ್ಣನ ತಲೆ ಎತ್ತಿ, ಕಿವಿಗೆ ಬಾಯಿಟ್ಟು ಏನೋ ಹೇಳಿದ. ಅಣ್ಣ ಅವನ ಅಂಗಿ ಹಿಡಿದುಕೊಂಡು ಅಳತೊಡಗಿದರು.

"ಬಲಗಿವಿ ಸಣ್ಣೋನಿದ್ದಾಗ್ಲೇ ಹೋಗೈತೆ" ಎಂದ ತಮ್ಮ. "ಎಡಗಿವೀಗೆ ಬಾಯಿಟ್ಟು ಹೇಳ್ಬೇಕು."

"ಅವತ್ತೇ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ವಲ್ಲಮ್ಮ."

ಕೇಳುವ ಒಂದೇ ಕಿವಿಯನ್ನು ತಿಂಗಳಿಡೀ ದಿಂಬಿಗೆ ಒತ್ತಿ ಮಲಗಿಸಿದ್ದೆವು. ಆರೈಕೆಯೆಂದು ಅದನ್ನು ಬರೆದುಕೊಟ್ಟವಳು ನಾನೇ. ಅವರ ಮುಖ ನೋಡಲಾಗದೆ ಹೊರಗೆ ಹೋಗಿ ನಿಂತೆ.

ಮರುದಿನ ಹೊಸ ಹಾಳೆ ಹಿಡಿದು ಎಡಗಡೆ ಕುಳಿತೆ. ಈ ಸಲ ಅವರನ್ನೇ ಕೇಳಿದೆ. ಹೌದು, ಅಲ್ಲ ಎಂದು ತಲೆಯಾಡಿಸಿ ಅವರು ಎಲ್ಲಕ್ಕೂ ಉತ್ತರ ಕೊಟ್ಟರು. ಅನ್ನ ಬೇಡ, ಮುದ್ದೆ ಬೇಕು. ಬಾಗಿಲು ಕಾಣುವಂತೆ ಮಲಗಬೇಕು. ಇನ್ನೇನಾದರೂ ಬೇಕೇ ಎಂದಾಗ ಎಡಗೈ ಎತ್ತಿ ಹೊರಗೆ ತೋರಿಸಿದರು.

"ಊರಿಗಾ, ಅಜ್ಜಾ?"

ಹೌದೆಂದು ತಲೆಯಾಡಿಸಿದರು. ಮತ್ತೆ ಮತ್ತೆ ಆಡಿಸಿದರು. ತಮ್ಮನ ಕುರಿಗಳು ಆಗಲೇ ದೂರದ ಬಯಲಿಗೆ ಹೊರಟಿದ್ದವು. ಊರಿನಲ್ಲಿ ಅವರಿಗೆ ನೀರು ಕೊಡುವವರೂ ಇರಲಿಲ್ಲ. ಅದನ್ನು ಆ ಕಿವಿಯಲ್ಲಿ ಹೇಗೆ ಹೇಳಲಿ? "ನೋಡಾಣ" ಎಂದೆ. ಸುಳ್ಳೆಂದು ಅವರಿಗೂ ತಿಳಿಯಿತು.

ಮುದ್ದೆ ತಿಂದರು, ಮೈ ತುಸು ಚೇತರಿಸಿತು. ಆದರೆ ನಾನು ಎಡಗಡೆ ಕುಳಿತಾಗಲೆಲ್ಲ ಕೈ ಎತ್ತಿ ಬಾಗಿಲು ತೋರಿಸುವುದನ್ನು ಬಿಡಲಿಲ್ಲ. ಮುಂದಿನ ಬೇಸಿಗೆಯಲ್ಲಿ, ನಾನು ರಜೆಯಲ್ಲಿದ್ದಾಗ, ಅಲ್ಲೇ ತೀರಿಕೊಂಡರು.