ಗೋಡೆಯ ಕಾಲು ನೋಡುತ್ತಿದ್ದ ಗೌಂಡಿ

ಸದಲಗಾದಲ್ಲಿ ಹಳೆಯ ವಾಡೆ ಮನೆಯೊಂದನ್ನು ಕೊಂಡಾಗ ಅದರ ಕಲ್ಲಿನ ಗೋಡೆ ನೋಡಲು ಒಬ್ಬ ಮುದಿ ಗೌಂಡಿಯನ್ನು ಕರೆಸಿದ್ದೆ. ಎಮ್ಮೆಯ ಹಲ್ಲು ನೋಡಿ ವಯಸ್ಸು ಹೇಳುವ ಎಮ್ಮೆ ವ್ಯಾಪಾರಿ ನಾನು ಅವನಿಗೇ ಕಲ್ಲಿನ ಪಾಠ ಹೇಳಿದೆ. ಅವನು ಗೋಡೆಯತ್ತ ಕಣ್ಣೆತ್ತಲಿಲ್ಲ. ಬುಡದಲ್ಲಿ ಎರಡು ಕಡೆ ತೋಡಿ, ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ ಮೂಸಿದ.

"ಮೊದ್ಲ ಕಾಲು ನೋಡೂನ್ರಿ," ಎನ್ನುವುದು ಅವನ ಯಾವತ್ತಿನ ಮಾತು. "ಪಡುವಲ ಕಡೆ ಗಟ್ಟಿ ಗರಸು ಮಣ್ಣು ಐತಿ. ಮೂಡಲ ಕಡೆ ಹಳೇ ಬಾವಿ ಮುಚ್ಚ್ಯಾರ. ಭೂಮಿ ನಡುಗಿದ್ರ ಸಡಿಲ ಮಣ್ಣು ಹೆಚ್ಚು ಅಲಗಾಡತೈತಿ. ನಿಮ್ಮ ಎಮ್ಮಿ ಇಲ್ಲಿ ಮೂಡಲ ಗ್ವಾಡಿಗಿ ಕಟ್ಟಬ್ಯಾಡ್ರಿ."

"ಏ ಅಜ್ಜಾ, ಇಲ್ಲಿ ಕಲ್ಲು ನೋಡು, ಹ್ಯಾಂಗ ಕೆತ್ಯಾರ! ಹೋಗ್ಲಿ, ಎರಡ ಇಲ್ಲಿ, ಎರಡ ಅಲ್ಲಿ ಕಟ್ಟೂನು."

"ಭೂಕಂಪದ ಕೂಡ ಚೌಕಾಸಿ ನಡಿಯಂಗಿಲ್ರಿ, ಸಾವ್ಕಾರ್ರ."

ನಾನು ಬೈಯುತ್ತಿದ್ದರೂ ಅವನೇ ಗೂಟ ಕಿತ್ತು, ನಾಲ್ಕೂ ಎಮ್ಮೆಗಳನ್ನು ಪಡುವಣ ಗೋಡೆಯ ಹತ್ತಿರ ಕಟ್ಟಿ ಹೋದ.

ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ನೆಲ ನಡುಗಿತು. ಚೆಂದದ ಕೆತ್ತನೆಯ ಮೂಡಣ ಗೋಡೆ ಕುಸಿದು ಬಿತ್ತು. ಒರಟು ಕಲ್ಲಿನ ಪಡುವಣ ಗೋಡೆ ನಿಂತೇ ಇತ್ತು, ಎಮ್ಮೆಗಳೂ ನಿಂತಿದ್ದವು.

ನೋಡಲು ಬಂದ ಮಂದಿಯ ಮುಂದೆ, "ಮಣ್ಣು ನೋಡೇ ಅಲ್ಲಿ ಕಟ್ಟಿದ್ನಿ," ಎಂದು ಕೊಚ್ಚಿಕೊಂಡೆ. ತಿರುಗಿದರೆ ಹಿಂದೆ ಗೌಂಡಿ.

"ಹೌದ್ರಿ, ಸಾವ್ಕಾರ್ರು ಮೊದ್ಲ ಹೇಳಿದ್ರು," ಎಂದ, ನಗದೆ.

ಬೈದಿದ್ದರೆ ಎಷ್ಟೋ ವಾಸಿಯಿತ್ತು.