ಓಟ ಕಲಿಸಿದವರು ಯಾರು

ನನ್ನ ಲಟ್ಟಣಿಗೆಗೆ ಎರಡು ಕೆಲಸವಿತ್ತು. ಹಬ್ಬ ಬಂದರೆ ಹೋಳಿಗೆ ಲಟ್ಟಿಸುವುದು. ಉಳಿದ ದಿನಗಳಲ್ಲಿ ಅದು ಮಧುಗಿರಿ ಬೆಟ್ಟದ ಬುಡದ ಬಯಲಿನಲ್ಲಿ ಹುಡುಗರ ಕೈಯಿಂದ ಕೈಗೆ ದಾಟುತ್ತಾ ಓಡುತ್ತಿತ್ತು. ನಮ್ಮ ಯಜಮಾನರು ಅಲ್ಲಿಯ ಕಾಲೇಜಿಯೇಟ್ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಊರವರ ಬಾಯಲ್ಲಿ ಅದು ಕಾಲೇಜೇ. ಓಟ, ನೆಗೆತ, ಗುಂಡು ಎಸೆತ ಎಲ್ಲ ಇವರದೇ ಹೊಣೆ. ಅದರಲ್ಲೂ ನಾಲ್ವರು ಒಬ್ಬರ ಕೈಯಿಂದೊಬ್ಬರು ಕೋಲು ಇಸಿದುಕೊಂಡು ಓಡುವ ರಿಲೇ ಎಂದರೆ ಪ್ರಾಣ. ಕೋಲು ಕೊಡಿಸಿ ಎಂದು ಕಾಲೇಜಿನವರನ್ನು ಕೇಳಿ ಕೇಳಿ ಸಾಕಾಗಿ, ಒಂದು ದಿನ ನನ್ನ ಅಡುಗೆಮನೆಗೇ ಕೈ ಹಾಕಿದರು.

ನಾನು ಬೇಡ ಅನ್ನಲಿಲ್ಲ. ನೆಗೆಯುವ ಗುಂಡಿಗೆ ಜಯಮಂಗಲಿ ಹೊಳೆಯ ಮರಳು ತಂದು ಸುರಿದಾಗ ಸೆರಗು ಕಟ್ಟಿಕೊಂಡು ಜರಡಿ ಹಿಡಿದವಳೂ ನಾನೇ. ಮುಳ್ಳೋ ಕಲ್ಲೋ ಉಳಿದರೆ ಹುಡುಗರ ಕಾಲಿಗೆ ತಾನೇ ಚುಚ್ಚುವುದು. ಓಡುವ ಹುಡುಗರು ಹೆಚ್ಚಾಗಿ ಒಕ್ಕಲುಮನೆಯವರು. ಮದಲೂರು ಕಡೆಯವನೊಬ್ಬನಂತೂ ನಮ್ಮನೆಯ ಮುದ್ದೆಯನ್ನೇ ತಿಂದು ಬೆಳೆದ. ಮಕ್ಕಳಿಲ್ಲದ ಮನೆಗೆ ಶಿವ ಅಷ್ಟು ಬಾಯಿ ಕೊಟ್ಟನಲ್ಲ, ಅದು ದೊಡ್ಡದು ಅಂದುಕೊಳ್ಳುತ್ತಿದ್ದೆ.

ಕಾಲೇಜಿನಲ್ಲಿ ಆಟದ ಸಮಿತಿಗೆ ಒಬ್ಬ ಹಿರಿಯ ಮೇಷ್ಟ್ರು ಅಧ್ಯಕ್ಷರಾಗಿದ್ದರು. ನಮ್ಮ ಪಂಗಡದವರೇ, ಹಣೆತುಂಬ ವಿಭೂತಿ. ಹೆಸರು ಹೇಳಿ ನನ್ನ ನಾಲಿಗೆ ಕೆಡಿಸಿಕೊಳ್ಳುವುದಿಲ್ಲ. ಯಾವಾಗಲೂ ಜರಿಪೇಟ ಸುತ್ತಿರುತ್ತಿದ್ದರಿಂದ ಮನೆಯಲ್ಲಿ ನಾವು ಜರಿಪೇಟ ಎಂದೇ ಕರೆಯುತ್ತಿದ್ದೆವು. ಬಯಲಿಗೆ ಅವರು ಬರುತ್ತಿದ್ದುದು ಬಿಸಿಲು ತಗ್ಗಿದ ಮೇಲೆ, ಗಾಳಿ ಕುಡಿಯುವುದಕ್ಕೆ.

ಒಂದು ದಸರೆಯ ಸಮಯದಲ್ಲಿ ನಮ್ಮ ರಿಲೇ ಹುಡುಗರು ಮೈಸೂರಿನ ಪಂದ್ಯಕ್ಕೆ ಆಯ್ಕೆಯಾದರು. ಹೊರಡುವ ಬೆಳಿಗ್ಗೆ ಯಜಮಾನರ ಪಂಚೆಗೆ ಗಂಜಿ ಹಾಕಿ ಮಡಿಸಿಟ್ಟು, ಡಬ್ಬದ ತುಂಬ ಕೋಡುಬಳೆ ಕಟ್ಟಿ ಕಳಿಸಿದೆ. ಒಲೆಯ ಬೂದಿ ಎತ್ತುವಷ್ಟರಲ್ಲಿ ಅವರು ಹಾಸಿಗೆ ಸುರುಳಿ ಹೆಗಲ ಮೇಲಿಟ್ಟುಕೊಂಡು ವಾಪಸ್ಸು ಬಂದರು. ಬಸ್ಸಿನಲ್ಲಿ ಜಾಗ ಸಾಲದು, ಮೈದಾನ ನೋಡಿಕೊಳ್ಳಲು ಒಬ್ಬರು ಬೇಕು, ಡ್ರಿಲ್ ಮೇಷ್ಟ್ರು ಇಲ್ಲೇ ಇರಲಿ ಎಂದು ಜರಿಪೇಟ ಅಪ್ಪಣೆ ಕೊಡಿಸಿದ್ದರು. ಬಸ್ಸಿನ ಮೇಲೆ ಕಟ್ಟಿದ್ದ ಹಾಸಿಗೆಯನ್ನು ಬಿಚ್ಚಿ ಕೆಳಕ್ಕೆ ಹಾಕಿಸಿದರಂತೆ. ಇವರ ಜಾಗದಲ್ಲಿ ಕೂತವನು ಜರಿಪೇಟದ ಭಾವಮೈದ. ಕೋಡುಬಳೆ ಡಬ್ಬ ಮಾತ್ರ ಮೈಸೂರಿಗೆ ಹೋಯಿತು. ಹುಡುಗರಾದರೂ ತಿಂದರು, ಶಿವನ ದಯೆ.

ಹುಡುಗರು ಗೆದ್ದರು. ಬೆಳ್ಳಿಯ ಲೋಟದಂಥ ಬಹುಮಾನ ಬಂತು. ತೆಗೆಸಿಕೊಂಡ ಫೋಟೋದಲ್ಲಿ ನಡುವಿನ ಕುರ್ಚಿ ಜರಿಪೇಟದ್ದು, ಬಹುಮಾನ ಅವರ ತೊಡೆಯ ಮೇಲೆ. ಈ ಹುಡುಗರನ್ನು ತಿದ್ದಿ ತೀಡಿದ್ದು ನಾನೇ ಎಂದು ಕಾಲೇಜಿನ ಸಭೆಯಲ್ಲಿ ಭಾಷಣ ಮಾಡಿದರು. ನಮ್ಮವರು ಹಿಂದಿನ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಿ ಬಂದರು. "ಬುಡು ಅತ್ಲಾಗೆ, ಹುಡುಗ್ರು ಗೆದ್ರಲ್ಲ" ಅಂದರು. ಅಂದವರು ಅಂದು ಊಟ ಮಾಡಲಿಲ್ಲ.

ಮೆರವಣಿಗೆ ಪೇಟೆ ಬೀದಿಯಲ್ಲಿ ಬಂದಾಗ ಮನೆಮನೆಯವರೂ ಆರತಿ ಎತ್ತಿದರು. ನಾನೂ ಅರಿಶಿನ ಸುಣ್ಣ ಕದಡಿದ ಕೆಂಪು ನೀರಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತೆ. ನಾಲ್ಕು ಹುಡುಗರಿಗೂ ಎತ್ತಿ, ಹಣೆಗಿಟ್ಟೆ. ಜರಿಪೇಟ ಹಾರ ಸರಿಮಾಡಿಕೊಂಡು ಮುಂದೆ ಬಂದು ಹಣೆ ಬಾಗಿಸಿದರು. ನಾನು ತಟ್ಟೆಯ ನೀರನ್ನು ಬೀದಿಗೆ ಚೆಲ್ಲಿ, ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಬಾಗಿದ ಹಣೆ ಬಾಗಿದಂತೆಯೇ ಇತ್ತು ಅಂತ ಪಕ್ಕದ ಮನೆಯವರು ಆಮೇಲೆ ಹೇಳಿದರು. ಬೀದಿಗೆ ಬೀದಿಯೇ ನೋಡಿತು.

ಆ ತಿಂಗಳು ಕಳೆಯುವಷ್ಟರಲ್ಲಿ ಪಾವಗಡದ ಮಿಡ್ಲ್ ಸ್ಕೂಲಿಗೆ ವರ್ಗದ ಹುಕುಂ ಬಂತು. ಯಾರ ಕೈವಾಡ ಅಂತ ಯಾರೂ ಹೇಳಬೇಕಾಗಿರಲಿಲ್ಲ.

ಪಾವಗಡದಲ್ಲಿ ಕಲ್ಲೂ ಬಿಸಿಲೂ ಧಾರಾಳ. ಅರ್ಧ ಊರು ತೆಲುಗು. ಪಕ್ಕದ ಮನೆಯಾಕೆ ಮೊದಲ ದಿನವೇ "ಏಮಮ್ಮಾ, ನೀಳ್ಳು ಬೇಕಾ?" ಎಂದು ಕೇಳಿ ತನ್ನ ಸಿಹಿನೀರಿನ ಬಾವಿಯ ಹಗ್ಗ ನನ್ನ ಕೈಗೆ ಕೊಟ್ಟಳು. ಅದೊಂದು ದಯೆ. ಕೆರೆ ಒಣಗಿದ್ದರಿಂದ ಅದರ ಅಂಗಳ ಮಟ್ಟಸವಾಗಿ ಸಿಕ್ಕಿತು, ಯಜಮಾನರು ಅಲ್ಲೇ ಮಕ್ಕಳನ್ನು ಓಡಿಸತೊಡಗಿದರು. ಅದೂ ಒಂದು ದಯೆ. ಆದರೆ ರಿಲೇ ಮಾತ್ರ ಆಡಿಸಲಿಲ್ಲ. ಲಟ್ಟಣಿಗೆ ಗೂಡಿನಲ್ಲೇ ಉಳಿಯಿತು. ಹಬ್ಬಕ್ಕೆ ಅದನ್ನು ಕೈಗೆತ್ತಿಕೊಂಡರೆ ಅವರು ಮುಖ ಆ ಕಡೆ ತಿರುಗಿಸುತ್ತಿದ್ದರು.

ದಿನವೂ ಲಿಂಗಪೂಜೆ ಮುಗಿಸಿ ಒಂದೇ ಬೇಡಿಕೆ ಇಡುತ್ತಿದ್ದೆ. ಜರಿಪೇಟದ ಕಾಲು ಮುರಿಯಲಿ ಎಂದು ಬೇಡೋಣ ಅಂತ ಮೊದಮೊದಲು ಮನಸ್ಸಿಗೆ ಬಂದದ್ದುಂಟು. ಹೆಂಡತಿ ಮಕ್ಕಳು ಏನು ಮಾಡಿದ್ದಾರೆ ಎಂದು ಬಿಟ್ಟೆ. ಶಿವನೇ, ಓಟ ಕಲಿಸಿದವರು ಯಾರು ಅನ್ನುವುದು ಆ ಬಾಯಿಂದಲೇ ಬರಲಿ, ನಾನು ಕಿವಿಯಾರೆ ಕೇಳಲಿ, ಅಷ್ಟೇ ಬೇಡಿದೆ. ವರ್ಷಗಳು ಹೋದವು. ಬೇಡಿಕೆಯ ಒಂದು ಅಕ್ಷರವನ್ನೂ ನಾನು ಸಡಿಲಿಸಲಿಲ್ಲ.

ಒಂದು ಮಧ್ಯಾಹ್ನ ನಾಗಲಮಡಿಕೆಯ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತ ಕುಟುಂಬವೊಂದು ಬಸ್ಸು ಕೆಟ್ಟು ಪಾವಗಡದಲ್ಲೇ ಉಳಿಯಬೇಕಾಯಿತು. ನಮ್ಮವರ ಮನೆ ಯಾವುದಾದರೂ ಇದೆಯೇ ಎಂದು ವಿಚಾರಿಸಿದರಂತೆ. ಯಾರೋ ನಮ್ಮ ಬಾಗಿಲು ತೋರಿಸಿದರು. ನೋಡಿದರೆ ಜರಿಪೇಟ. ಪೆನ್ಷನ್ ಆಗಿ ಮುಖ ಸೊರಗಿತ್ತು, ಜರಿ ಕಪ್ಪಿಟ್ಟಿತ್ತು. ಜೊತೆಯಲ್ಲಿ ಹೆಂಡತಿ, ಮಗಳು, ಹೊಸ ಅಳಿಯ. ನಮ್ಮವರನ್ನು ಕಂಡು ಹೊಸಲಲ್ಲೇ ನಿಂತುಬಿಟ್ಟರು. ಇವರೋ, ಬನ್ನಿ ಬನ್ನಿ ಎಂದು ಕಾಲಿಗೆ ನೀರು ಕೊಟ್ಟರು.

ನಾನು ಒಲೆ ಹೊತ್ತಿಸಿದೆ. ಹಸಿದು ಬಂದವರಿಗೆ ಇಲ್ಲ ಅನ್ನುವ ಪಾಪ ನನಗೆ ಬೇಡ. ಅವರೆಕಾಳಿನ ಸಾರು, ಶಾವಿಗೆ ಪಾಯಸ, ಎಲ್ಲವನ್ನೂ ಚೆನ್ನಾಗಿಯೇ ಮಾಡಿದೆ. ಗಂಡಸರು ಮೂವರೂ ಎಲೆಯ ಮುಂದೆ ಕೂತರು. ಅನ್ನ ಬಡಿಸಿ, ಸಾರಿನ ಪಾತ್ರೆ ತಂದೆ. ಆಗ ಅಳಿಯನೇ ಮಾತು ತೆಗೆದ. ಪಾಪ, ಅವನಿಗೇನೂ ಗೊತ್ತಿಲ್ಲ.

"ನಮ್ಮ ಮಾವನೋರು ಹುಡುಗರನ್ನ ತಯಾರು ಮಾಡಿ ಮೈಸೂರಲ್ಲಿ ಬಹುಮಾನ ಗೆದ್ದಿದ್ರಂತೆ. ನೀವೂ ಆಗ ಮಧುಗಿರೀಲೇ ಇದ್ರಾ ಮೇಷ್ಟ್ರೇ?"

ನಮ್ಮವರು ಎಲೆ ನೋಡಿಕೊಂಡು "ಇದ್ದೆ" ಅಂದರು. ಅಷ್ಟೇ.

ಸೌಟು ನನ್ನ ಕೈಯಲ್ಲಿತ್ತು. "ಆ ಹುಡುಗ್ರಿಗೆ ಓಟ ಕಲ್ಸಿದ್ದು ಯಾರು ಅಂತ ಮಾವನೋರ್ನೇ ಕೇಳಪ್ಪ" ಅಂದೆ.

ಒಳಬಾಗಿಲಲ್ಲಿ ಕೂತಿದ್ದ ಅವರ ಹೆಂಡತಿ, "ಹಳೇ ಮಾತು ಈಗ್ಯಾಕೆ ಬುಡಮ್ಮ" ಅಂದರು.

"ಹಳೇದಾಗಿದ್ರೆ ಹೇಳಕ್ಕೇನು ಕಷ್ಟ ತಾಯಿ?"

ಅನ್ನದ ಆವಿ ಆರುತ್ತಾ ಬಂತು. ನಾನು ಅಲುಗಲಿಲ್ಲ. ಅನ್ನ ಬಡಿಸಿಯಾಗಿತ್ತು, ಆ ಪಾಪ ನನ್ನ ಮೇಲಿರಲಿಲ್ಲ. ಆದರೆ ಸಾರು ಪಾತ್ರೆಯಲ್ಲೇ ಇತ್ತು.

"ಇವ್ರೇ" ಅಂದರು ಜರಿಪೇಟ, ಗಂಟಲೊಳಗೆ.

"ಜೋರಾಗಿ ಹೇಳಿ ಸ್ವಾಮಿ. ನಿಮ್ಮ ಮಗಳು ಅಲ್ಲಿ ಕೂತವ್ಳೆ, ಅವಳ್ಗೆ ಕೇಳಿಸ್ಲಿಲ್ಲ."

ಅವರು ತಲೆ ಎತ್ತಿ ಮಗಳನ್ನು ನೋಡಿದರು. ಆಮೇಲೆ ಅಳಿಯನನ್ನು. "ಓಟ ಕಲ್ಸಿದ್ದು ಈ ಮೇಷ್ಟ್ರು. ನಾನು ಬಸ್ಸಲ್ಲಿ ಕರ್ಕೊಂಡೋಗಿದ್ದೆ, ಅಷ್ಟೇ."

ಸೌಟಿನ ತುಂಬ ಸಾರು ಹೊಯ್ದೆ. ಕಾಳು ಮೇಲೆ ಬರುವಂತೆ ಕೆಳಗಿನಿಂದ ಮೊಗೆದು ಹೊಯ್ದೆ. ಅವರು ಕಲಸಿದರು, ತಿಂದರು, ಎರಡನೆಯ ಸಲ ಏನನ್ನೂ ಕೇಳಲಿಲ್ಲ. ಅಳಿಯ ಊಟ ಮುಗಿಯುವವರೆಗೂ ಮಾವನ ಕಡೆ ನೋಡಲಿಲ್ಲ. ಆ ನೋಟ ತಪ್ಪಿಸಿದ್ದು ನನಗೆ ಪಾಯಸಕ್ಕಿಂತ ಸಿಹಿಯಾಗಿತ್ತು. ಇವತ್ತಿಗೂ ಆಗಿದೆ. ತಾಯಿ ಮಗಳಿಗೂ ಹೊಟ್ಟೆತುಂಬ ಬಡಿಸಿ, ಕುಂಕುಮ ಕೊಟ್ಟು, ಎಲೆ ಅಡಿಕೆ ಇಟ್ಟು ಕಳಿಸಿದೆ. ಜರಿಪೇಟಕ್ಕೆ ಕೈ ತೊಳೆಯಲು ನೀರು ಕೊಟ್ಟೆ, ಅದಕ್ಕಿಂತ ಹೆಚ್ಚು ಏನನ್ನೂ ಕೊಡಲಿಲ್ಲ.

ಅವರೆಲ್ಲ ಹೋದ ಮೇಲೆ ಯಜಮಾನರು ಜಗುಲಿಯ ಮೇಲೆ ಕೂತರು. "ಉಣ್ಣಕ್ಕೆ ಕೂತೋರ್ನ ಅಂಗೆ ಕೇಳ್ಬಾರ್ದಿತ್ತು ಕಣೆ" ಅಂದರು.

"ಕೂತಿದ್ರು ಅಂತಲೇ ಕೇಳಿದ್ದು. ನಿಂತಿದ್ರೆ ಓಡಿಹೋಗೋರು. ಈ ವಯಸ್ಸಲ್ಲಿ ನೀವು ಹಿಡಿಯಕ್ಕಾಗ್ತಿತ್ತಾ?"

ಅವರು ಮೀಸೆ ತಿರುಗಿಸಿಕೊಂಡರು. ನಗು ತಡೆಯುತ್ತಿದ್ದಾರೆಂದು ನನಗೆ ಗೊತ್ತಾಯಿತು.

ಮಾರನೆಯ ದಿನ ಸೋಮವಾರ, ಬೇಡಿದ್ದನ್ನು ನಡೆಸಿಕೊಟ್ಟ ಶಿವನಿಗೆ ಹೋಳಿಗೆ ಒಪ್ಪಿಸಬೇಕೆಂದು ಹೂರಣ ರುಬ್ಬಿಟ್ಟುಕೊಂಡು ಗೂಡಿಗೆ ಕೈ ಹಾಕಿದೆ. ಲಟ್ಟಣಿಗೆ ಇರಲಿಲ್ಲ. ಕೆರೆಯಂಗಳದ ಕಡೆಯಿಂದ ಸೀಟಿ ಕೇಳಿಸುತ್ತಿತ್ತು. ಹೋಳಿಗೆಯನ್ನು ಬಾಳೆಲೆಯ ಮೇಲೆ ಕೈಯಿಂದಲೇ ತಟ್ಟಿದೆ. ಅಂಚು ಒಡೆದು ಸೊಟ್ಟಸೊಟ್ಟಗಾದವು. ಹಾಗೆಯೇ ದೇವರ ಮುಂದಿಟ್ಟು, ಸಾಲ ತೀರಿತು ಸ್ವಾಮಿ ಅಂದೆ.