ಅಜ್ಜನ ಹೆಸರಿನ ಕೇಸು

ಕೂನೂರಿನ ಶಾಲೆಯೊಂದರಲ್ಲಿ ವ್ಯಾನ್ ಓಡಿಸುವ ಕೆಲಸಕ್ಕೆ ಪೊಲೀಸ್ ಸರ್ಟಿಫಿಕೇಟ್ ಕೇಳಿದರು. ಅರ್ಜಿ ಹಾಕಿದರೆ ನನ್ನ ಮೇಲೆ ಕಾಡಿನ ಮರ ಕಡಿದ ಕೇಸಿದೆಯಂತೆ! ಅದು ನಮ್ಮಜ್ಜನ ಕೇಸು. ಆಗ ನಾನು ಹುಟ್ಟೇ ಇರಲಿಲ್ಲ. ನಮ್ಮ ಹಟ್ಟಿಯಲ್ಲಿ ಮೊದಲ ಮೊಮ್ಮಗನಿಗೆ ಅಜ್ಜನ ಹೆಸರನ್ನೇ ಇಡುತ್ತಾರೆ, ನನ್ನ ತಪ್ಪು ಅಷ್ಟೇ.

"ಹುಟ್ಟೋ ಮೊದಲೇ ಕೊಡಲಿ ಹಿಡಿದಿದ್ನಾ ಸಾರ್?" ಎಂದು ಸ್ಟೇಷನ್ನಿನಲ್ಲಿ ರೇಗಿದೆ.

"ಹೆಸರು ಅದೇ, ಮನೆ ಅದೇ. ಅಜ್ಜನನ್ನೇ ಕರ್ಕೊಂಡು ಬಾಪ್ಪಾ," ಎಂದರು ಹೆಡ್ ಕಾನ್ಸ್‌ಟೇಬಲ್.

"ಅವರು ತೀರಿಕೊಂಡಾಯ್ತು!"

"ಹಾಗಾದ್ರೆ ಮರಣ ಸರ್ಟಿಫಿಕೇಟ್ ತಾ."

ತಂದುಕೊಟ್ಟೆ. ಮೂರು ವಾರ ಅಲೆಸಿ ತಿದ್ದಿದ ಕಾಗದ ಕೊಟ್ಟರು. ಕೇಸು ಮುಗಿದಿತ್ತು. ಕಾರಣ ಓದಿ ಮೈ ಉರಿದುಹೋಯಿತು: "ಅರ್ಜಿದಾರರು ಮೃತಪಟ್ಟಿದ್ದಾರೆ."

ಆ ಕಾಗದ ತಲುಪಿದೆ ಅಂತ ಸಹಿಯನ್ನೂ ಸತ್ತವನ ಕೈಲೇ ಹಾಕಿಸಿಕೊಂಡರು.